ಪಾಲಿನ ಕೋಳಿ

ಪಕ್ಕೀರಪ್ಪ ಬಾಯಿ ತೆರೆದರೆ ಸಾಕು, ಜಗಳಕ್ಕೆ ಬಂದ ಎಂದೇ ಕುರುಗೋಡಿನ ಓಣಿಯವರು ತಿಳಿಯುತ್ತಿದ್ದರು. ಅವರದೂ ತಪ್ಪಿಲ್ಲ ಬಿಡಿ. ಅಂಗಡಿಗೆ ಹೋಗಿ ಕಾಲು ಕೇಜಿ ಸಕ್ಕರೆ ಕೇಳುವುದನ್ನೂ ಅವನು ಮೂರು ಓಣಿಗೆ ಕೇಳುವಂತೆ ಕೇಳುತ್ತಿದ್ದ. ತೊಟ್ಟಿಲಲ್ಲಿ ಮಲಗಿದ ಕೂಸು ಬೆಚ್ಚಿ ಅಳುತ್ತಿತ್ತು. ಅಂಗಡಿಯ ದೊಡ್ಡಬಸವರಾಜ ಪೊಟ್ಟಣ ಕಟ್ಟಿ ಕೈಗಿಟ್ಟು, ಈ ಪುಣ್ಯಾತ್ಮ ಹೋದರೆ ಸಾಕೆಂಬಂತೆ ಮುಖ ತಿರುಗಿಸುತ್ತಿದ್ದ.

ಅದು ಸಿಟ್ಟಿನ ದನಿಯಲ್ಲ, ಮಿಲ್ಲಿನ ದನಿ. ಸಿರುಗುಪ್ಪದ ಒಂದು ಅಕ್ಕಿ ಮಿಲ್ಲಿನಲ್ಲಿ ಬಾಯ್ಲರಿಗೆ ಭತ್ತದ ಹೊಟ್ಟು ತುಂಬುತ್ತ ಅರ್ಧ ಆಯುಷ್ಯ ಕಳೆದವನು ಅವನು. ಆ ಗದ್ದಲದಲ್ಲಿ ಮೆಲ್ಲಗೆ ಆಡಿದ ಮಾತು ಆಡಿದವನ ಕಿವಿಗೇ ಬೀಳುವುದಿಲ್ಲ. ಮಿಲ್ಲಿನ ಹಿಂದಿನ ಖೋಲಿಯಲ್ಲೇ ಸಂಸಾರ. ಹೆಂಡತಿ ಹಂಪಮ್ಮ ಕೆಂಚನಗುಡ್ಡದವಳು. ಅವಳೂ ಅವನ ಜೊತೆ ಕೂಗಿ ಕೂಗಿ ಮಾತಾಡುವುದನ್ನು ಕಲಿತಿದ್ದಳು. ಮಕ್ಕಳಾಗಲಿಲ್ಲ. ಅವಳು ತೀರಿಕೊಂಡ ಮೇಲೆ ಖೋಲಿಯಲ್ಲಿ ಕೂಗುವವರಿಲ್ಲದೆ ಹೋದರೂ ಹೊರಗೆ ಮಿಷನ್ನಿನ ಸದ್ದಾದರೂ ಇತ್ತು. ಆಮೇಲೆ ಮಿಲ್ಲಿಗೆ ಹೊಸ ಮಿಷನ್ ಬಂತು, ಹಳೆಯ ಬಾಯ್ಲರಿನ ಜೊತೆಗೆ ಹಳೆಯ ಪಕ್ಕೀರಪ್ಪನನ್ನೂ ಬಿಚ್ಚಿ ಆಚೆಗಿಟ್ಟರು. ಅವನು ಟ್ರಂಕು ಹೊತ್ತುಕೊಂಡು ಹುಟ್ಟಿದೂರಿಗೆ ಬಂದ. ಗುಡ್ಡದ ಬುಡದಲ್ಲಿ ಅವನ ಅವ್ವನ ಕಡೆಯಿಂದ ಬಂದ ಒಂದು ಕೋಣೆ, ಅದರ ಹಿಂದೆ ಒಂದು ಹಿತ್ತಲು ಇತ್ತು. ಹಿತ್ತಲಲ್ಲಿ ಒಂದು ಬೇವಿನ ಗಿಡ, ಒಂದು ಕಟ್ಟೆ ಬಿಟ್ಟರೆ ಏನೂ ಇರಲಿಲ್ಲ.

ಊರಿನ ಮೌನ ಅವನಿಗೆ ಒಗ್ಗಲಿಲ್ಲ. ಮಧ್ಯಾಹ್ನದ ಹೊತ್ತು ನೊಣ ಹಾರಿದ್ದೂ ಕೇಳುತ್ತಿತ್ತು. ಕೆಲವು ದಿನ ಸಂಜೆ ಚಹಾದಂಗಡಿಗೆ ಹೋಗಿ "ಒಂದ್ ಚಾ" ಎಂದಾಗಲೇ ಅದು ಆ ದಿನದ ಮೊದಲ ಮಾತು ಎಂದು ಅವನಿಗೆ ಹೊಳೆಯುತ್ತಿತ್ತು. ಆ ಎರಡು ಪದವನ್ನೂ ಅವನು ಕೂಗಿಯೇ ಹೇಳುತ್ತಿದ್ದ, ಪಕ್ಕದಲ್ಲಿ ಕೂತವರು ಎದ್ದು ಬೇರೆ ಬೆಂಚಿಗೆ ಹೋಗುತ್ತಿದ್ದರು. ಒಂಟಿತನ ಅಂದರೆ ಇದೇ ನೋಡಿ, ಕಾಡಿಗೇನೂ ಹೋಗಬೇಕಿಲ್ಲ.

ಹೀಗಿರುವಾಗ ಶಿವರಾತ್ರಿ ಕಳೆದ ಮೇಲೆ ಒಂದು ಬೆಳಿಗ್ಗೆ ಜಂಬಮ್ಮ ಬಂದಳು. ಕಂಕುಳಲ್ಲಿ ಒಂದು ಕೆಂಪು ಕೋಳಿ. ಜಂಬಮ್ಮ ಎರಡು ಓಣಿ ಆಚೆಯವಳು, ಎಪ್ಪತ್ತರ ಆಸುಪಾಸು, ಪಕ್ಕೀರಪ್ಪ ಚಡ್ಡಿ ಹಾಕುವ ಕಾಲದಿಂದ ಅವನನ್ನು ಬಲ್ಲವಳು. ಗಂಡ ಹೋಗಿ ಬಹಳ ಕಾಲವಾಗಿತ್ತು, ಇರುವುದು ಮಗ ಸೊಸೆಯ ಮನೆಯಲ್ಲಿ. ನಾಲಿಗೆ ಮಾತ್ರ ಹೊಸ ಕುಡುಗೋಲು. ಊರಲ್ಲಿ ಏಳೆಂಟು ಮನೆಗಳಲ್ಲಿ ಅವಳ ಕೋಳಿಗಳು ಪಾಲಿಗೆ ಬೆಳೆಯುತ್ತಿದ್ದವು. ಅದಕ್ಕೇ ಮಂದಿ ಅವಳ ಬೆನ್ನ ಹಿಂದೆ, ಮುದುಕಿಗೆ ಗಳಿಕೆಯ ಚಪಲ ಇನ್ನೂ ಹೋಗಿಲ್ಲ ಎನ್ನುತ್ತಿದ್ದರು.

"ಏನಲೇ ಪಕ್ಕೀರ, ಇಷ್ಟು ದೊಡ್ಡ ಹಿತ್ತಲ ಇಟ್ಕಂಡು ಖಾಲಿ ಕುಂತೀಯಲ್ಲ. ಈ ಕೋಳಿ ಪಾಲಿಗೆ ಸಾಕ್ತಿಯೇನು?"

"ನನಗ ಕೋಳಿ ಗೀಳಿ ಗೊತ್ತಿಲ್ಲ ಯಕ್ಕಾ!"

ಕೋಳಿ ಬೆಚ್ಚಿ ಅವಳ ಕಂಕುಳಲ್ಲಿ ರೆಕ್ಕೆ ಬಡಿಯಿತು. "ಮೆಲ್ಲಕ ಮಾತಾಡಲೇ! ನಾನೇನು ಸಿರುಗುಪ್ಪದಾಗ ನಿಂತೀನೇನು?" ಎಂದು ಗದರಿ, ಅವಳು ಕೋಳಿಯನ್ನು ಬೇವಿನ ಗಿಡದ ಬುಡಕ್ಕೆ ಕಟ್ಟಿ, ಕಟ್ಟೆಯ ಮೇಲೆ ಕೂತು ಪಾಲಿನ ಕಟ್ಟಳೆ ಹೇಳಿದಳು. ತಾಯಿ ಕೋಳಿ ಕೊಟ್ಟವಳದು. ಮರಿಯಾದರೆ ಅರ್ಧ ಕೊಟ್ಟವರಿಗೆ, ಅರ್ಧ ಸಾಕಿದವರಿಗೆ. ಹದ್ದು ಒಯ್ದರೆ, ಬೆಕ್ಕು ಹಿಡಿದರೆ ಯಾರ ಮೇಲೂ ತಪ್ಪಿಲ್ಲ. ಮರಿ ದೊಡ್ಡವಾಗಿ ತಾಯಿ ತಾನೇ ಅವನ್ನು ಕುಕ್ಕಿ ಅಟ್ಟಿದ ದಿನ ಪಾಲಿನ ದಿನ. ಸಾಕಿದವನು ಮರಿಗಳನ್ನು ಎರಡು ಪಾಲು ಮಾಡಬೇಕು, ಕೊಟ್ಟವಳು ತನಗೆ ಬೇಕಾದ ಪಾಲು ಆರಿಸಿಕೊಳ್ಳಬೇಕು. ತಾಯಿ ಅಟ್ಟಿದ ಮೇಲೆ ಇಟ್ಟ ತತ್ತಿ ಕೊಟ್ಟವಳ ಮನೆಗೇ ಸೇರಬೇಕು. "ಅಲ್ಲಿ ತನಕ ನಾನು ಆಗಾಗ ನೋಡಾಕ ಬರ್ತೀನಿ. ಬ್ಯಾಸರ ಮಾಡ್ಕಬಾರದು," ಎಂದಳು.

ಬೇಸರ! ಪಕ್ಕೀರಪ್ಪ ಅವಳು ಹೋದ ಮೇಲೆ ಪೇಟೆಗೆ ಹೋಗಿ ಇನ್ನೊಂದು ಚಹಾದ ಲೋಟ ತಂದ.

ಕೋಳಿ ತತ್ತಿ ಇಟ್ಟಿತು, ಯುಗಾದಿಯ ಹೊತ್ತಿಗೆ ಕಾವಿಗೆ ಕೂತಿತು. ಇಲ್ಲೇ ನಮ್ಮ ಬಾಯ್ಲರ್ ಪಂಡಿತರು ಎಡವಿದ್ದು. ಕಾವು ಅಂದರೆ ಕಾವು, ಅದರಲ್ಲಿ ತನಗೆ ಯಾರು ಪಾಠ ಹೇಳಬೇಕು ಎಂದುಕೊಂಡ ಅವನು. ಕಬ್ಬಿಣದ ಬಾಂಡ್ಲಿ ತಂದ, ಮಿಲ್ಲಿನ ಗೆಳೆಯರಿಂದ ತರಿಸಿದ ಹೊಟ್ಟನ್ನು ಅದರ ತುಂಬ ಒತ್ತಿದ, ತತ್ತಿ ಇಟ್ಟು ಕೋಳಿಯನ್ನು ಕೂರಿಸಿದ. ಬೆಚ್ಚಗಿರಲಿ ಎಂದು ಬಾಂಡ್ಲಿಯನ್ನು ತಗಡಿನ ಮಾಡಿನ ಕೆಳಗಿಟ್ಟ. ಬಳ್ಳಾರಿ ಸೀಮೆಯಲ್ಲಿ ಇರುವುದೇ ಎರಡು ಕಾಲ, ಬೇಸಿಗೆ ಮತ್ತು ಕಡುಬೇಸಿಗೆ, ಅದು ಕಡುಬೇಸಿಗೆ. ಕೋಳಿ ಬಾಯಿ ತೆರೆದು ಏದುಸಿರು ಬಿಡುತ್ತ, ಕೊನೆಗೆ ತಾಳಲಾರದೆ ಎದ್ದು ಬೇವಿನ ನೆರಳಿಗೆ ಹೋಗಿ ನಿಂತಿತು. ಎಷ್ಟು ಹಿಡಿದು ಕೂರಿಸಿದರೂ ಕೂರಲಿಲ್ಲ.

ಜಂಬಮ್ಮ ಬಂದು ಒಂದು ತತ್ತಿಯನ್ನು ಕಿವಿಯ ಹತ್ತಿರ ಅಲುಗಾಡಿಸಿದಳು. ಒಳಗೆ ನೀರಾಡಿತು. ಎಲ್ಲವೂ ಕೊಳೆತಿದ್ದವು.

"ಅಯ್ಯ ನಿನ್ನ ಮನಿ ಕಾಯ್ಲಿ! ಕೋಳಿ ಕಾವಿಗೆ ಕೂಡಿಸಂದ್ರ ಭತ್ತ ಕುದಿಸೀಯಲ್ಲಲೇ! ಉರಿ ಬ್ಯಾಸಿಗ್ಯಾಗ ಬುಟ್ಟ್ಯಾಗ ಹಸಿ ಉಸುಗು ಹಾಕ್ತಾರ, ಮ್ಯಾಲೆ ಹುಲ್ಲು ಹಾಕ್ತಾರ. ಕೇಳಾಕ ಬಾಯಿರಲಿಲ್ಲೇನು ನಿನಗ?"

ಪಕ್ಕೀರಪ್ಪನಿಗೆ ಅಳುವೇ ಬಂತು. ತತ್ತಿ ಹೋದದ್ದಕ್ಕಲ್ಲ, ಅವಳು ಕೋಳಿಯನ್ನು ಎತ್ತಿಕೊಂಡು ಹೋಗುತ್ತಾಳೆ ಎಂದು. ಆದರೆ ಜಂಬಮ್ಮ ಬೈದು ಮುಗಿಸಿ, ಎಲೆಅಡಿಕೆಯ ಸಂಚಿ ಬಿಚ್ಚಿ, "ಚಾ ಇಡು ಹೋಗು. ಮಳಿ ಬರ್ಲಿ, ಇನ್ನೊಂದು ಸರ್ತಿ ಕುಂದ್ರಸೋಣ," ಎಂದಳು. ಆ ಚಹಾಕ್ಕೆ ಅವನು ಸಕ್ಕರೆ ಒಂದು ಚಮಚ ಹೆಚ್ಚೇ ಹಾಕಿದ.

ಅಷ್ಟರಲ್ಲಿ ಇನ್ನೊಂದು ಸಂಗತಿಯಾಗಿತ್ತು. ಅವನ ದನಿಗೆ ಕೋಳಿ ಹೆದರಿ ಗೋಡೆ ಹತ್ತುತ್ತಿತ್ತಲ್ಲ, ಅದನ್ನು ಒಲಿಸಿಕೊಳ್ಳಲು ಅವನು ದನಿ ತಗ್ಗಿಸಲು ಕಲಿಯುತ್ತಿದ್ದ. ನುಚ್ಚು ಚೆಲ್ಲಿ "ಬಾ... ಬಾ... ಬಾ..." ಎಂದು ಪಿಸುಗುಡುವುದು. ಮೊದಮೊದಲು ತನ್ನ ದನಿ ತನಗೇ ಕೇಳದೆ ಬಾಯಿ ಬಿಟ್ಟೆನೋ ಇಲ್ಲವೋ ಎಂದು ಅನುಮಾನವಾಗುತ್ತಿತ್ತು. ಕೋಳಿಗೆ ಮಾತ್ರ ಕೇಳುತ್ತಿತ್ತು, ಬರುತ್ತಿತ್ತು.

ಮಳೆ ಬಂದ ಮೇಲೆ ಕೋಳಿ ಮತ್ತೆ ಕೂತಿತು. ಈ ಸಲ ಬುಟ್ಟಿ, ಉಸುಕು, ಹುಲ್ಲು, ಎಲ್ಲ ಜಂಬಮ್ಮನ ಕೈಯಿಂದಲೇ. ಶ್ರಾವಣದಲ್ಲಿ ಒಂದು ಬೆಳಿಗ್ಗೆ ಕೋಳಿಯ ರೆಕ್ಕೆಯ ಕೆಳಗಿಂದ ಚಿಂವ್ ಎಂಬ ದನಿ ಬಂತು. ಪಕ್ಕೀರಪ್ಪ ಅಂಗಾತ ಮಲಗಿದ್ದವನು ಎದ್ದು, ಚಪ್ಪಲಿಯನ್ನೂ ಹಾಕದೆ ಎರಡು ಓಣಿ ಓಡಿದ. ಜಂಬಮ್ಮ ಆಗಲೇ ಹಾಲಿನ ಡೈರಿಯ ಹತ್ತಿರ ಸಿಕ್ಕಿದಳು. "ಬಂದಾವ ಯಕ್ಕಾ, ಬಂದಾವ!" ಅಲ್ಲಿ ನಿಂತವರೆಲ್ಲ ಇವನ ಮನೆಗೆ ಯಾರೋ ನೆಂಟರು ಬಂದಿದ್ದಾರೆ ಎಂದುಕೊಂಡರು.

ಗೂಡಿಗೆ ಗೂಡನ್ನೇ ಖಾಲಿ ಮಾಡುವ ಕೊಕ್ಕರೆ ರೋಗ ಮರಿಗಳಿಗೆ ತಗಲದಂತೆ ಕಣ್ಣಿಗೆ ಲಸಿಕೆಯ ಹನಿ ಹಾಕಬೇಕು ಎಂದು ಯಾರೋ ಹೇಳಿದರು. ಅವನು ಬಸ್ಸು ಹತ್ತಿ ಬಳ್ಳಾರಿಗೆ ಹೋದ. ಸತ್ಯನಾರಾಯಣಪೇಟೆಯ ಕಡೆ ವಿಚಾರಿಸಿ ವಿಚಾರಿಸಿ ಔಷಧಿ ಅಂಗಡಿ ಹುಡುಕಿ, ಥರ್ಮಾಸಿನಲ್ಲಿ ಐಸ್ ತುಂಬಿಸಿ, ಮಡಿಲಲ್ಲಿ ಕೂಸಿನಂತೆ ಇಟ್ಟುಕೊಂಡು ತಂದ. ಆ ಸೀಸೆ ನೂರು ಕೋಳಿಗೆ ಆಗುವಷ್ಟು, ಅದಕ್ಕಿಂತ ಚಿಕ್ಕದು ಸಿಗುವುದಿಲ್ಲವಂತೆ. ಕಲಸಿದ ಮೇಲೆ ಬೇಗ ಮುಗಿಸಬೇಕು, ಇಲ್ಲವಾದರೆ ಕೆಟ್ಟಿತು. ತನ್ನ ಮರಿಗಳಿಗೆ ಜಂಬಮ್ಮ ಹಿಡಿದುಕೊಟ್ಟಳು, ಅವನು ಹನಿ ಹಾಕಿದ. ಉಳಿದದ್ದನ್ನು ಹಿಡಿದು ಓಣಿಗೆ ಇಳಿದ. ಪುಕ್ಕಟೆ ಔಷಧಿ, ಜನ ಕರೆದು ಕೂರಿಸಿಯಾರು, ಒಂದೆರಡು ಮಾತಾಡಿಯಾರು ಎಂಬ ಆಸೆ.

ಎರ್ರಿ ಎಂಬವನು ಬಾಗಿಲಲ್ಲೇ ನಿಂತು, "ಔಷಧಿ ಹಾಕಿ ಕೋಳಿ ಸತ್ರ ಯಾರು ಕೊಡ್ತಾರ? ಹೋಗಪಾ, ಹೋಗು," ಎಂದ. ಮುಂದಿನ ಮನೆಯವರು ಬಾಗಿಲು ತೆರೆಯಲಿಲ್ಲ. ಅದರ ಮುಂದಿನ ಮನೆಯ ಹೆಂಗಸು, ಮನೆಯಲ್ಲಿ ಗಂಡಸರಿಲ್ಲ ಎಂದು ಕಿಟಕಿಯಿಂದಲೇ ಹೇಳಿದಳು. ಅವಳ ಕೋಳಿಗಳು ಅವನ ಕಾಲ ಬುಡದಲ್ಲೇ ಕೆದರುತ್ತಿದ್ದವು. ಕೊನೆಗೆ ಅವನು ಔಷಧಿಯನ್ನು ಚರಂಡಿಗೆ ಚೆಲ್ಲಿ ಮನೆಗೆ ಬಂದ. ಜಂಬಮ್ಮ ಇನ್ನೂ ಕಟ್ಟೆಯ ಮೇಲೆ ಕೂತಿದ್ದಳು. ಏನಾಯಿತು ಎಂದು ಕೇಳಲಿಲ್ಲ, ಮುಖ ನೋಡಿದವಳೇ, "ಊರ ಮಂದಿ ಹಂಗ. ನಮ್ಮ ಮರಿ ಉಳಿತಾವ ಬಿಡು," ಎಂದಳು.

ನಮ್ಮ ಮರಿ ಎಂದಳು. ಆ ಮಾತನ್ನು ಪಕ್ಕೀರಪ್ಪ ಬಹಳ ದಿನ ನೆನೆದ.

ಮರಿ ಬೆಳೆದವು. ಒಂದನ್ನು ಹದ್ದು ಒಯ್ದಿತು, ಒಂದನ್ನು ಬೆಕ್ಕು ಹಿಡಿಯಿತು, ಉಳಿದವು ಗಟ್ಟಿಯಾದವು. ಜಂಬಮ್ಮ ದಿನ ಬಿಟ್ಟು ದಿನ ಬರುತ್ತಿದ್ದವಳು ದಿನಾ ಬರತೊಡಗಿದಳು. ಅವನ ಹಿತ್ತಲ ಕಟ್ಟೆಯ ಮೇಲೆ ಕೂತು ಊರ ಪುರಾಣ ಬಿಚ್ಚುತ್ತಿದ್ದಳು: ಯಾರ ಸೊಸೆ ತವರಿಗೆ ಹೋದಳು, ಯಾರ ಎಮ್ಮೆ ಈಯಿತು, ಹಂಪಮ್ಮ ಮದುವೆಯಾಗಿ ಬಂದಾಗ ಎಷ್ಟು ಸಣ್ಣಗಿದ್ದಳು. ಹಂಪಮ್ಮನ ಹೆಸರು ಇನ್ನೊಬ್ಬರ ಬಾಯಲ್ಲಿ ಕೇಳಿ ಎಷ್ಟು ಕಾಲವಾಗಿತ್ತೋ! ಪಕ್ಕೀರಪ್ಪ ಎದ್ದು ಹೋಗಿ ಒಲೆಯ ಹೊಗೆಗೆ ಕಣ್ಣು ಉಜ್ಜಿಕೊಳ್ಳುವ ನೆಪ ಮಾಡಿದ.

ಮಹಾನವಮಿಯ ಹೊತ್ತಿಗೆ ಒಂದು ಮುಂಜಾನೆ ಅವನು ನುಚ್ಚು ಚೆಲ್ಲಿದಾಗ ತಾಯಿ ಕೋಳಿ ತಿರುಗಿ ಮರಿಯ ನೆತ್ತಿಗೆ ಕುಕ್ಕಿತು. ಇನ್ನೊಂದು ಬಂತು, ಅದಕ್ಕೂ ಕುಕ್ಕಿತು. ರೆಕ್ಕೆಯ ಕೆಳಗೆ ಮಲಗಿಸಿಕೊಂಡಿದ್ದ ಮರಿಗಳನ್ನೇ ಅದು ಹಿತ್ತಲ ತುಂಬ ಅಟ್ಟಾಡಿಸಿತು. ಪಾಲಿನ ದಿನ ಬಂದಿತ್ತು. ಪಕ್ಕೀರಪ್ಪ ನುಚ್ಚಿನ ಡಬ್ಬಿ ಹಿಡಿದು ನಿಂತೇ ಇದ್ದ. ಮರಿ ಹಂಚಿಕೊಂಡು, ತಾಯಿಯನ್ನು ಕಂಕುಳಲ್ಲಿ ಇಟ್ಟುಕೊಂಡು ಜಂಬಮ್ಮ ಹೋದರೆ ಮತ್ತೆ ಈ ಕಡೆ ಬರಲು ಅವಳಿಗೆ ಏನಿದೆ? ಅವಳ ಕೋಳಿ ಇನ್ನೊಂದು ಮನೆಗೆ ಹೋಗುತ್ತದೆ, ಅವಳೂ ಅಲ್ಲಿಗೇ ಹೋಗುತ್ತಾಳೆ. ಈ ಕಟ್ಟೆ ಖಾಲಿಯಾಗುತ್ತದೆ.

ಆ ದಿನ ಜಂಬಮ್ಮ ಬರುವ ಹೊತ್ತಿಗೆ ಅವನು ತಾಯಿ, ಮರಿ ಎಲ್ಲವನ್ನೂ ಒಂದೇ ದೊಡ್ಡ ಬುಟ್ಟಿಯ ಕೆಳಗೆ ಮುಚ್ಚಿಟ್ಟ.

"ಇನ್ನಾ ಕುಕ್ಕಿಲ್ಲೇನಲೇ?"

"ಇಲ್ಲ ಯಕ್ಕಾ. ಭಾಳ ಅಕ್ಕರಿ ಐತಿ ಮರಿ ಮ್ಯಾಲೆ."

ಬುಟ್ಟಿಯೊಳಗೆ ಆ ಅಕ್ಕರೆಯ ತಾಯಿ ಒಂದೊಂದೇ ಮರಿಯನ್ನು ಹಿಡಿದು ಕುಕ್ಕುತ್ತಿತ್ತು, ಮರಿಗಳು ಕಿರುಚುತ್ತಿದ್ದವು. "ಏನಲೇ ಅದು ಬುಟ್ಟ್ಯಾಗ? ಪಂಚಾಯ್ತಿ ನಡದೈತೇನು?" ಎಂದಳು ಜಂಬಮ್ಮ. ಇರುವೆ ಹೊಕ್ಕಿರಬೇಕು ಎಂದ ಪಕ್ಕೀರಪ್ಪ. ಅವಳು ಅವನನ್ನು ಒಮ್ಮೆ ನೋಡಿ ಎಲೆಅಡಿಕೆಯ ಸಂಚಿ ಬಿಚ್ಚಿದಳು.

ಹೀಗೆ ಸುಳ್ಳಿನ ಮೇಲೆ ಸುಳ್ಳು ಪೇರಿಸುತ್ತ ದೀಪಾವಳಿ ಹತ್ತಿರ ಬಂತು. ತಾಯಿ ಕೋಳಿ ಮತ್ತೆ ತತ್ತಿ ಇಡತೊಡಗಿತು. ಅವನು ಒಂದೊಂದನ್ನೂ ಎತ್ತಿ, ಹೊಟ್ಟು ತುಂಬಿದ ಗಡಿಗೆಯಲ್ಲಿ ಹುದುಗಿಸಿ ಅಟ್ಟದ ಮೇಲಿಟ್ಟ. ಒಂದನ್ನೂ ತಿನ್ನಲಿಲ್ಲ. ಅವು ಜಂಬಮ್ಮನವು, ಕಟ್ಟಳೆ ಅವನಿಗೆ ಗೊತ್ತಿತ್ತು. ಕೊಡುವುದು ಹೇಗೆ ಎಂಬುದು ಮಾತ್ರ ಗೊತ್ತಿರಲಿಲ್ಲ.

ಆದರೆ ತತ್ತಿ ಇಟ್ಟ ಕೋಳಿಯ ಬಾಯಿ ಮುಚ್ಚುವವರು ಇನ್ನೂ ಹುಟ್ಟಿಲ್ಲ. ಒಂದು ದಿನ ಜಂಬಮ್ಮ ಚಹಾದ ಲೋಟ ತುಟಿಗಿಟ್ಟ ಹೊತ್ತಿಗೆ ಸರಿಯಾಗಿ ಸೌದೆಯ ಸಂದಿಯಿಂದ ಕೆಂಪು ಕೋಳಿ ಹೊರಗೆ ಬಂದು, ಕೊಕ್ಕೊಕ್ಕೊಕ್ಕೋ ಎಂದು ಊರಿಗೆಲ್ಲ ಡಂಗುರ ಸಾರಿತು. ಜಂಬಮ್ಮ ಲೋಟ ಕೆಳಗಿಟ್ಟಳು. ಎದ್ದು ಹೋಗಿ ಸಂದಿಯಲ್ಲಿ ಕೈಹಾಕಿ ಬಿಸಿ ತತ್ತಿ ತೆಗೆದಳು.

"ಎಷ್ಟು ದಿನ ಆತು ಇದು ತತ್ತಿ ಇಡಾಕ ಹತ್ತಿ?"

ಪಕ್ಕೀರಪ್ಪ ಒಳಗಿನ ಅಟ್ಟದ ಕಡೆ ಕಣ್ಣು ಹಾಯಿಸಿದ.

"ಇಷ್ಟು ಮನಿಗೆ ಪಾಲಿಗೆ ಕೊಟ್ಟೀನಿ. ಒಬ್ಬರೂ ನನ್ನ ತತ್ತಿ ಕದ್ದು ತಿಂದಿಲ್ಲಲೇ. ನೀನು, ಹಂಪಮ್ಮನ ಗಂಡ, ನೀನು ತಿಂದ್ಯಾ?"

ಅವನು ಒಳಗೆ ಓಡಿ ಅಟ್ಟದಿಂದ ಗಡಿಗೆ ಇಳಿಸಿ ತಂದು ಅವಳ ಮುಂದೆ ಬೋರಲು ಹಾಕಿದ. ಹೊಟ್ಟಿನ ಜೊತೆ ತತ್ತಿಗಳು ಉರುಳಿದವು. ಒಂದು ಒಡೆದು ಹಿತ್ತಲೆಲ್ಲ ನಾತ ಹಿಡಿಯಿತು.

"ಒಂದೂ ತಿಂದಿಲ್ಲ ನೋಡು!"

"ಮತ್ಯಾಕ ಮುಚ್ಚಿಟ್ಟಿ?"

ಆಗ ಪಕ್ಕೀರಪ್ಪ ತಿಂಗಳುಗಟ್ಟಲೆ ಕೋಳಿಗಳ ಹತ್ತಿರ ಕಲಿತ ಮೆಲುದನಿಯೆಲ್ಲ ಗಾಳಿಗೆ ಹಾರಿತು. ಬಾಯ್ಲರಿನ ಮುಂದೆ ನಿಂತವನಂತೆ ಅವನು ಕೂಗಿದ: "ಪಾಲು ಆತಂದ್ರ ನೀ ಬರಂಗಿಲ್ಲ! ನೀ ಬರದಿದ್ರ ಈ ಮನ್ಯಾಗ ನನ್ನ ಕೂಡ ಮಾತಾಡವರು ಯಾರದಾರ?"

ಓಣಿಗೆ ಓಣಿಯೇ ಕೇಳಿಸಿಕೊಂಡಿತು. ಗೋಡೆಯಾಚೆ ಪಾತ್ರೆ ತೊಳೆಯುವ ಸದ್ದು ನಿಂತುಹೋಯಿತು. ಯಾರೋ ಕಿಸಕ್ಕನೆ ನಕ್ಕರು.

ಜಂಬಮ್ಮನ ಮುಖ ಕಪ್ಪಿಟ್ಟಿತು. "ಪಾಲು ಮಾಡು," ಎಂದಳು.

ಅವನು ಮರಿಗಳನ್ನು ಹಿಡಿದು ಎರಡು ಬುಟ್ಟಿಗೆ ಹಾಕಿದ. ಒಳ್ಳೊಳ್ಳೆಯವನ್ನೆಲ್ಲ ಒಂದೇ ಬುಟ್ಟಿಗೆ ಹಾಕುತ್ತಿದ್ದುದು ಅವಳಿಗೆ ಕಂಡಿತು. ಅವಳು ಬೇಕೆಂದೇ ಇನ್ನೊಂದನ್ನು ಆರಿಸಿಕೊಂಡಳು. ತಾಯಿ ಕೋಳಿಯನ್ನು ಕಂಕುಳಲ್ಲಿ ಅವುಚಿ, ಬುಟ್ಟಿಯನ್ನು ತಲೆಯ ಮೇಲಿಟ್ಟು, ಚಹಾ ಅರ್ಧಕ್ಕೇ ಬಿಟ್ಟು ನಡೆದುಬಿಟ್ಟಳು.

ಅವಳು ಮತ್ತೆ ಬರಲಿಲ್ಲ. ಬರುವುದಾದರೂ ಹೇಗೆ? ಮರುದಿನದಿಂದ ಚಹಾದಂಗಡಿಯಲ್ಲಿ ಅದೇ ಮಾತು. ಯಾವತ್ತೂ ಇವನನ್ನು ಮಾತಾಡಿಸದ, ಕಿರಾಣಿ ಅಂಗಡಿಯ ದೊಡ್ಡಬಸವರಾಜ ಕೂಡ ಅಲ್ಲಿ ಕರೆದು ಕೇಳಿದ, "ಪಕ್ಕೀರಪ್ಪಣ್ಣ, ನಿನಗ ಕೋಳಿ ಬೇಕಿತ್ತೋ, ಜಂಬಮ್ಮ ಬೇಕಿದ್ಲೋ?" ಸುತ್ತ ಕೂತವರು ಬೆಂಚು ತಟ್ಟಿ ನಕ್ಕರು. ಥೂ, ಇವರ ಬಾಯಿಗೆ! ಊರು ಅಂದರೆ ಹೀಗೇ, ಒಬ್ಬ ಮನುಷ್ಯ ಹಸಿದು ಕೂತಾಗ ಯಾರಿಗೂ ಕಾಣುವುದಿಲ್ಲ, ಅವನು ಬಾಯಿಬಿಟ್ಟಾಗ ಎಲ್ಲರಿಗೂ ಕಾಣುತ್ತದೆ. ಪಕ್ಕೀರಪ್ಪ ಚಹಾದಂಗಡಿಗೆ ಹೋಗುವುದನ್ನೂ ಬಿಟ್ಟ.

ತನ್ನ ಪಾಲಿನ ಮರಿಗಳು ಹಿತ್ತಲಲ್ಲಿ ಕೆದರಾಡಿಕೊಂಡಿದ್ದವು. ಊರವರು ಹೇಳುವಂತೆ ಅವನೀಗ ಕೋಳಿ ಇಟ್ಟ ಮನುಷ್ಯ. ಬೆಳಿಗ್ಗೆ ಬಿಡುತ್ತಿದ್ದ, ಸಂಜೆ ಮುಚ್ಚುತ್ತಿದ್ದ. ಎರಡನೆಯ ಲೋಟವನ್ನು ತೊಳೆದು ಬೋರಲು ಹಾಕಿದ್ದು ಹಾಗೇ ಇತ್ತು, ಅದರ ಮೇಲೆ ಧೂಳು ಕೂತಿತು. ಕೋಳಿಗಳ ಹತ್ತಿರ ಮಾತಾಡಿದ, ಅವು ತಲೆ ವಾರೆ ಮಾಡಿ ಕೇಳಿಸಿಕೊಂಡವು. ಆದರೆ ಎಷ್ಟಂದರೂ ಅವು ಬೈಯುವುದಿಲ್ಲವಲ್ಲ. ಅವನಿಗೆ ಬೈಗುಳ ಬೇಕಿತ್ತು, ಹಂಪಮ್ಮನ ಸುದ್ದಿ ಬೇಕಿತ್ತು.

ಚಳಿ ಸುರುವಾದ ಮೇಲೆ ಒಂದು ಇಳಿಹೊತ್ತು, ಅವನು ಮರಿಗಳಲ್ಲೆಲ್ಲ ಚೆಂದದ್ದನ್ನು, ತಾಯಿಯಂತೆಯೇ ಕೆಂಪಗಿದ್ದ ಎಳೆ ಹೆಣ್ಣುಕೋಳಿಯನ್ನು ಹಿಡಿದು ಕಂಕುಳಲ್ಲಿಟ್ಟುಕೊಂಡ. ಎರಡು ಓಣಿ ದಾಟಿ ಜಂಬಮ್ಮನ ಮಗನ ಮನೆಗೆ ಹೋದ. ಇಷ್ಟು ತಿಂಗಳಲ್ಲಿ ಅವನು ಆ ಮನೆಗೆ ಹೋದದ್ದೇ ಇಲ್ಲ, ಯಾವಾಗಲೂ ಅವಳೇ ಬರುತ್ತಿದ್ದಳು.

ಪಡಸಾಲೆಯಲ್ಲಿ ಟೀವಿ ಜೋರಾಗಿ ಹಚ್ಚಿದ್ದರು. ಸೊಸೆ ಧಾರಾವಾಹಿ ನೋಡುತ್ತಿದ್ದಳು, ಮಗ ಮೊಬೈಲಿನಲ್ಲಿ ಮುಳುಗಿದ್ದ. "ಯಕ್ಕಾ ಅದಾಳೇನ್ರಿ?" ಎಂದು ಪಕ್ಕೀರಪ್ಪ ಮೆಲ್ಲಗೆ ಕೇಳಿದ. ಯಾರೂ ತಲೆಯೆತ್ತಲಿಲ್ಲ. ಸೊಸೆ ಕಣ್ಣು ಟೀವಿಯಲ್ಲೇ ಇಟ್ಟು, ಹಿಂದೆ ಇದ್ದಾಳೆ ಎಂಬಂತೆ ಕೈ ಬೀಸಿದಳು.

ಹಿಂದೆ ಹೋದ. ಅವನ ಹಿತ್ತಲ ಮೂರರಷ್ಟು ದೊಡ್ಡ ಹಿತ್ತಲು. ಮೂಲೆಯಲ್ಲಿ ಕಲ್ಲು ಮಣ್ಣಿನಲ್ಲಿ ಕಟ್ಟಿದ ದೊಡ್ಡ ಕೋಳಿಗೂಡು, ಕಸ ಹೊಡೆದು ಸ್ವಚ್ಛವಾಗಿತ್ತು. ಒಳಗೆ ಒಂದು ಪುಕ್ಕವೂ ಇರಲಿಲ್ಲ. ಅವನ ಹಿತ್ತಲಿಂದ ತಂದ ಕೋಳಿ, ಮರಿಗಳೂ ಇರಲಿಲ್ಲ. ಅವನ್ನು ಆಗಲೇ ಯಾವುದೋ ಮನೆಗೆ ಪಾಲಿಗೆ ಕೊಟ್ಟಿರಬೇಕು. ಗೂಡಿನ ಪಕ್ಕ ಗೋಣಿಚೀಲ ಹಾಸಿಕೊಂಡು ಜಂಬಮ್ಮ ಒಬ್ಬಳೇ ಗೋಡೆ ನೋಡುತ್ತ ಕೂತಿದ್ದಳು. ಬಾಯಿ ಮುಚ್ಚಿಕೊಂಡಿರುವ ಜಂಬಮ್ಮನನ್ನು ಪಕ್ಕೀರಪ್ಪ ನೋಡಿದ್ದು ಅದೇ ಮೊದಲು.

"ಯಕ್ಕಾ."

ಅವಳು ತಿರುಗಿದಳು. "ಯಾಕ ಬಂದಿ? ಮತ್ತ ಊರಿಗೆಲ್ಲ ಕೇಳಂಗ ಒದರಾಕ ಬಂದ್ಯಾ?"

"ಕೋಳಿ ಪಾಲಿಗೆ ಕೊಡಾಕ ಬಂದೀನಿ."

"ಯಾರಿಗೆ?"

"ನಿನಗ."

ಜಂಬಮ್ಮ ಅವನನ್ನೂ ಕೋಳಿಯನ್ನೂ ನೋಡಿದಳು. "ಇಷ್ಟು ವರ್ಷ ಊರಿಗೆಲ್ಲ ನಾನು ಕೊಟ್ಟೀನಿ. ನನಗ್ಯಾರೂ ಕೊಟ್ಟಿಲ್ಲಲೇ," ಎಂದಳು.

ಪಕ್ಕೀರಪ್ಪ ಖಾಲಿ ಗೂಡಿನ ಕಡೆ ನೋಡಿದ. "ಇಂಥಾ ಗೂಡು ಇಟ್ಕಂಡು ಮಂದಿ ಮನ್ಯಾಗ ಯಾಕ ಸಾಕಸ್ತಿ ಯಕ್ಕಾ?"

ಒಳಗಿಂದ ಟೀವಿಯಲ್ಲಿ ಯಾರೋ ಗೊಳೋ ಎಂದು ಅಳುವ ಸದ್ದು ಕೇಳುತ್ತಿತ್ತು. ಜಂಬಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು.

"ಇಲ್ಲೇ ಸಾಕಿದ್ರ ನಾನು ಯಾವ ನೆವ ಹೇಳಿ ಹೊರಗ ಹೋಗ್ಲಿ? ಕೋಳಿ ನೋಡಾಕ ಹೋಗ್ತೀನಿ ಅಂದ್ರ ಯಾರೂ ಏನೂ ಅನ್ನಲ್ಲ. ಮಾತಾಡಾಕ ಹೋಗ್ತೀನಿ ಅಂದ್ರ ನಗ್ತಾರ. ನೋಡಿದ್ಯಲ್ಲ, ಹ್ಯಾಂಗ ನಕ್ರು."

ಪಕ್ಕೀರಪ್ಪ ಕೋಳಿಯನ್ನು ಮುಂದೆ ಚಾಚಿದ. ಅವಳು ಅದನ್ನು ತೆಗೆದುಕೊಂಡು, ಅಭ್ಯಾಸದ ಕೈಯಿಂದ ಹೊಟ್ಟೆಯ ಕೆಳಗೆ ಒತ್ತಿ ನೋಡಿದಳು.

"ಇದು ಇನ್ನಾ ಎಳೇದು. ತತ್ತಿ ಇಡಾಕ ಸಂಕ್ರಾಂತಿ ದಾಟಬೇಕು. ಅಲ್ಲಿ ತನಕ ನೀ ಬಂದು ನೋಡಾಕ ಏನೈತಿ?"

"ಏನೂ ಇಲ್ಲ," ಎಂದ ಪಕ್ಕೀರಪ್ಪ. "ಆದ್ರೂ ದಿನಾ ಬರ್ತೀನಿ."

ಜಂಬಮ್ಮ ಕೋಳಿಯನ್ನು ಮಡಿಲಲ್ಲಿಟ್ಟುಕೊಂಡು, ಗೋಣಿಚೀಲದ ಮೇಲೆ ಸ್ವಲ್ಪ ಆಚೆ ಸರಿದು ಕೂತಳು. ಅವನು ಚಪ್ಪಲಿ ಬಿಟ್ಟು ಪಕ್ಕದಲ್ಲಿ ಕೂತ.